ಕೋರ್ಟಿನಲ್ಲಿ ತಾರೀಖು, ರೇಡಿಯೋದಲ್ಲಿ ತೀರ್ಪು

ಏಕಸಂಬಿಯ ಕಡೆ ದಾವೆ ಇಲ್ಲದ ಮನೆಗೆ ಹೆಣ್ಣು ಕೊಡುವಾಗ ಜನ ಎರಡು ಸಲ ಯೋಚಿಸುತ್ತಾರೆ. ದಾವೆ ಇಲ್ಲವೆಂದರೆ ಹೊಲ ಇಲ್ಲ ಎಂದೇ ಲೆಕ್ಕ. ಹೊಲ ಇದ್ದರೆ ಬಾಂಧು, ಅಂದರೆ ಬದು, ಇರುತ್ತದೆ. ಬಾಂಧು ಇದ್ದರೆ ಮಳೆಗಾಲಕ್ಕೊಮ್ಮೆ ಅದನ್ನು ಗೇಣುದ್ದ ಆಚೆ ಸರಿಸುವ ಅಣ್ಣನೋ ತಮ್ಮನೋ ಇರುತ್ತಾನೆ. ಇಬ್ಬರೂ ಇದ್ದಮೇಲೆ ಚಿಕ್ಕೋಡಿಯ ಕೋರ್ಟು ಇದ್ದೇ ಇದೆ. ದೂಧಗಂಗೆಯ ದಂಡೆಯಲ್ಲಿ ಕಬ್ಬು ವರ್ಷಕ್ಕೆ ಕೈಗೆ ಬರುತ್ತದೆ, ದಾವೆ ಮೊಮ್ಮಕ್ಕಳ ಕೈಗೆ ಬರುತ್ತದೆ. ಎರಡನ್ನೂ ನಾಟುವುದನ್ನು ಯಾರೂ ಬಿಟ್ಟಿಲ್ಲ.

ಇಷ್ಟು ಸಮೃದ್ಧವಾದ ಸೀಮೆಯಲ್ಲೂ ವಕೀಲಸಾಹೇಬರು ಕೋರ್ಟು ಬಿಟ್ಟು ಮೈಕಿನ ಮುಂದೆ ಕೂರುತ್ತಿದ್ದಾರೆ. ಯಾರು ಎಂದು ಕೇಳಬೇಡಿ. ಹೆಸರು ಹುಡುಕಿ ನನಗೆ ಮಾನನಷ್ಟದ ನೋಟೀಸು ಕಳಿಸುವ ಶ್ರಮವನ್ನೂ ತೆಗೆದುಕೊಳ್ಳಬೇಡಿ. ಅವರು ಒಬ್ಬರಲ್ಲ, ಒಂದು ತಳಿ. ಬೆಂಗಳೂರಿನ ಎಫ್‌ಎಂನಲ್ಲಿದ್ದಾರೆ, ಸಮುದಾಯ ಬಾನುಲಿಯಲ್ಲಿದ್ದಾರೆ, ಈಗೀಗ ಮೊಬೈಲಿನ ಪಾಡ್‌ಕಾಸ್ಟಿನಲ್ಲೂ ಇದ್ದಾರೆ. ಕಬ್ಬಿನ ಗದ್ದೆಯಲ್ಲಿ ನೀರು ತಿರುವುತ್ತಿರುವ ಮನುಷ್ಯನ ಕಿವಿಯೊಳಗೆ ಕೂತು, ಅವನ ಅಜ್ಜನ ಕಾಲದ ವ್ಯಾಜ್ಯವನ್ನು ಎರಡು ಹಾಡುಗಳ ನಡುವೆ ಬಗೆಹರಿಸಿಕೊಡುತ್ತಾರೆ.

ಆ ಕಾರ್ಯಕ್ರಮ ಹೇಗಿರುತ್ತದೆಂದು ಕೇಳಿದವರಿಗೆ ಗೊತ್ತು. ಕೇಳದವರಿಗಾಗಿ ಒಂದು ಮಾದರಿ.

"ನಮಸ್ಕಾರ್ರೀ ಸಾಹೇಬ್ರ, ನಮ್ಮ ದೊಡ್ಡಪ್ಪ ಬಾಂಧ್ ಕಡದಾನ್ರಿ."

"ಬಹಳ ಒಳ್ಳೆಯ ಪ್ರಶ್ನೆ! ಎಲ್ಲಿಂದ ಮಾತಾಡ್ತಿದ್ದೀರಿ? ಊಟ ಆಯ್ತಾ?"

"ಆತ್ರಿ. ಬಾಂಧ್ ಕಡದಾನ್ರಿ."

"ನೋಡಿ, ಕಾನೂನು ನಿಮ್ಮ ಪರವಾಗಿದೆ. ಧೈರ್ಯವಾಗಿರಿ. ಹೆಚ್ಚಿನ ವಿವರಕ್ಕೆ ಕಾರ್ಯಕ್ರಮ ಮುಗಿದಮೇಲೆ ನನ್ನ ನಂಬರಿಗೆ ಕರೆ ಮಾಡಿ. ಈಗ ಹೇಳಿ, ನಿಮಗೆ ಯಾವ ಹಾಡು ಬೇಕು?"

"ಹಾಡ್ ಬ್ಯಾಡ್ರೀ. ಬಾಂಧ್ ಬೇಕ್ರಿ."

ಹಾಡು ಬಂತು.

ಅದೇ ಹೊತ್ತಿಗೆ ದೊಡ್ಡಪ್ಪನೂ ತನ್ನ ಮನೆಯಲ್ಲಿ ಅದೇ ಕಾರ್ಯಕ್ರಮ ಕೇಳುತ್ತಿರುತ್ತಾನೆ ಎಂಬುದನ್ನು ಮರೆಯಬೇಡಿ. ಮುಂದಿನ ವಾರ ಅವನೂ ಫೋನು ಹಚ್ಚುತ್ತಾನೆ. "ತಮ್ಮನ ಮಗ ನನ್ನ ಹೊಲದಾಗ ಬಾಂಧ್ ಹಾಕ್ಯಾನ್ರಿ." ಬಹಳ ಒಳ್ಳೆಯ ಪ್ರಶ್ನೆ! ಕಾನೂನು ನಿಮ್ಮ ಪರವಾಗಿದೆ. ರೇಡಿಯೋದಲ್ಲಿ ಕಾನೂನು ಫೋನು ಮಾಡಿದವನ ಪರವಾಗಿಯೇ ಇರುತ್ತದೆ. ಎದುರುಪಕ್ಷದ ವಕೀಲನಿಲ್ಲ, ಪಾಟೀಸವಾಲಿಲ್ಲ, "ಅಬ್ಜೆಕ್ಷನ್ ಮೈ ಲಾರ್ಡ್" ಇಲ್ಲ. ಕೋರ್ಟಿನಲ್ಲಿ ನಿಂತು ಮೂವತ್ತು ವರ್ಷ ಸವೆಸಿದ ವಕೀಲನಿಗೂ ಸಿಗದ ಗೆಲುವು ಮೈಕಿನ ಮುಂದೆ ಮೊದಲ ದಿನವೇ ಸಿಗುತ್ತದೆ. ಯಾರಿಗೆ ಬೇಡ ಹೇಳಿ?

ಇದಕ್ಕೆಲ್ಲ ಕಾನೂನಿನ ಅಡ್ಡಿಯಿಲ್ಲವೇ ಎಂದು ಕೇಳುವ ಚಿಕಿತ್ಸಕರು ಎಲ್ಲ ಊರಿನಲ್ಲೂ ಇರುತ್ತಾರೆ. ಇದೆ. ವಕೀಲರ ಕಾಯ್ದೆ 1961ರದು. ಅದರ ಕೆಳಗೆ ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್, ಮಾಡಿದ ನಿಯಮಗಳಿವೆ. 36ನೇ ನಿಯಮ ಬಹಳ ಕಟ್ಟುನಿಟ್ಟು. ವಕೀಲ ಜಾಹೀರಾತು ಕೊಡಕೂಡದು, ದಲ್ಲಾಳಿ ಇಡಕೂಡದು, ತಾನು ನಡೆಸಿದ ಮೊಕದ್ದಮೆಯ ಸಂಬಂಧ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳಕೂಡದು. ಬಾಗಿಲಿಗೆ ತಗುಲಿಸುವ ಬೋರ್ಡು ಕೂಡ ಹದವಾದ ಅಳತೆಯದ್ದಿರಬೇಕು. ಅದರ ಮೇಲೆ ತಾನು ಮಾಜಿ ನ್ಯಾಯಾಧೀಶ ಎಂದಾಗಲಿ, ವಕೀಲರ ಸಂಘದ ಅಧ್ಯಕ್ಷ ಎಂದಾಗಲಿ ಬರೆಸಕೂಡದು. 2008ರಲ್ಲಿ ಸ್ವಲ್ಪ ಸಡಿಲಿಸಿ, ಜಾಲತಾಣದಲ್ಲಿ ಹೆಸರು, ವಿಳಾಸ, ಫೋನು, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ವ್ಯಾಜ್ಯ ನಡೆಸುತ್ತೇನೆ ಎಂಬಷ್ಟನ್ನು ಹಾಕಿಕೊಳ್ಳಲು ಬಿಟ್ಟರು. ಅಷ್ಟೇ. ಬಸ್‌ಸ್ಟ್ಯಾಂಡಿನ ಮುಂದಿನ ಕ್ಷೌರದಂಗಡಿಗೆ ಇರುವ ಪ್ರಚಾರದ ಸ್ವಾತಂತ್ರ್ಯ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಿಗಿಲ್ಲ.

ಹಾಗಾದರೆ ಮೈಕು ಎಲ್ಲಿಂದ ಬಂತು? 51ನೇ ನಿಯಮದಿಂದ. ಅಲ್ಲಿ ನಿಯಮ ಮಾಡಿದವರ ಮನಸ್ಸು ಕರಗಿದೆ. ವಕೀಲ ಕಾನೂನು ಪುಸ್ತಕ ಸಂಪಾದಿಸಬಹುದು, ಪ್ರಶ್ನೆಪತ್ರಿಕೆ ತೆಗೆಯಬಹುದು, ಪಾಠ ಹೇಳಬಹುದು, ಪತ್ರಿಕೆಗೆ ಬರೆಯಬಹುದು, ಬಾನುಲಿಯಲ್ಲಿ ಮಾತಾಡಬಹುದು. ಕಾನೂನಿನ ವಿಷಯವೇ ಆಗಬೇಕೆಂದೂ ಇಲ್ಲ. ಎರಡೇ ಶರತ್ತು: ಜಾಹೀರಾತಿನ ನಿಯಮ ಮುರಿಯಕೂಡದು, ಪೂರ್ಣಾವಧಿ ನೌಕರಿಯಾಗಕೂಡದು. ಅಂದರೆ 36 ಬಾಗಿಲು ಹಾಕುತ್ತದೆ, 51 ಕಿಟಕಿ ತೆರೆಯುತ್ತದೆ. ನಮ್ಮ ಮಹಾರಾಷ್ಟ್ರದ ಗಡಿಯಲ್ಲಿ ಇಬ್ಬರಿಗೆ ಆಗಿಬರದಿದ್ದರೆ "ಅವರದು ಛತ್ತೀಸಚಾ ಆಕಡಾ", ಮೂವತ್ತಾರರ ಅಂಕಿ, ಎನ್ನುತ್ತಾರೆ. ವಕೀಲರ ನಿಯಮದಲ್ಲೂ ಮೂವತ್ತಾರಕ್ಕೇ ಈ ಮುನಿಸು ಬರೆದಿದ್ದು ಕಾಕತಾಳೀಯ. ಕಿಟಕಿಯಿಂದ ಒಳಗೆ ಬಂದವರು, "ಹೆಚ್ಚಿನ ವಿವರಕ್ಕೆ ನನ್ನ ನಂಬರು" ಎನ್ನುವಾಗ ಬಾಗಿಲನ್ನೂ ಒಳಗಿನಿಂದಲೇ ತೆಗೆದುಬಿಡುತ್ತಾರೆ. 2025ರ ಮಾರ್ಚಿನಲ್ಲಿ ಪರಿಷತ್ತು ಸಾಮಾಜಿಕ ಜಾಲತಾಣದ ಪ್ರಚಾರಪ್ರಿಯ ವಕೀಲರಿಗೆ ಮತ್ತೊಮ್ಮೆ ಕಣ್ಣು ಕೆಂಪಗೆ ಮಾಡಿ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆಯ ಬಗ್ಗೆಯೇ ರೀಲು ಮಾಡಿ ಹಾಕಿದವರನ್ನು ನೋಡಿದಾಗ, ಈ ವೃತ್ತಿಗೆ ಭವಿಷ್ಯವಿದೆ ಎಂದು ನನಗೆ ಖಾತ್ರಿಯಾಯಿತು.

ಆಕಾಶವಾಣಿಯ ಹಳೆಯ ಕಾಲ ಬೇರೆ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ಭಾಷಣಕ್ಕೆ ಕರೆದರೆ ಕರಾರುಪತ್ರ ಬರುತ್ತಿತ್ತು, ಅದೂ ಭಾರತದ ರಾಷ್ಟ್ರಪತಿಯ ಪರವಾಗಿ! ರಾಷ್ಟ್ರಪತಿಯೊಡನೆ ಒಪ್ಪಂದಕ್ಕೆ ರುಜು ಹಾಕಿದ ವಕೀಲನ ಎದೆ ಎಷ್ಟು ಉಬ್ಬುತ್ತಿತ್ತೋ, ಸಂಭಾವನೆಯ ಅಂಕಿ ಓದುವಾಗ ಅಷ್ಟೇ ಇಳಿಯುತ್ತಿತ್ತು. ಬರಹವನ್ನು ಮೊದಲೇ ಕಳಿಸಬೇಕು, ಅವರು ತಿದ್ದುತ್ತಾರೆ. ಮೇಲೆ ಆಕಾಶವಾಣಿಯ ಪ್ರಸಾರ ಸಂಹಿತೆ ಬೇರೆ: ಯಾವ ಧರ್ಮದ ಮೇಲೂ ದಾಳಿ ಕೂಡದು, ಪಕ್ಷದ ಹೆಸರೆತ್ತಿ ಬಯ್ಯಕೂಡದು, ಸ್ನೇಹಿತ ರಾಷ್ಟ್ರಗಳನ್ನು ಟೀಕಿಸಕೂಡದು, ನ್ಯಾಯಾಂಗ ನಿಂದನೆಯಾಗುವ ಮಾತು ಕೂಡದು, ರಾಷ್ಟ್ರಪತಿ, ರಾಜ್ಯಪಾಲರು, ನ್ಯಾಯಾಂಗ ಇವರ ಪ್ರಾಮಾಣಿಕತೆಯ ಮೇಲೆ ಅನುಮಾನ ಬರುವಂತೆ ಮಾತಾಡಕೂಡದು. ಧರ್ಮ, ಪಕ್ಷ, ಸರ್ಕಾರ, ನ್ಯಾಯಾಧೀಶ ಇಷ್ಟನ್ನೂ ಬಿಟ್ಟರೆ ವಕೀಲನ ಬಾರ್ ರೂಮಿನಲ್ಲಿ ಮಾತಿಗೆ ಉಳಿಯುವುದೇನು? ಚಹಾ. ಅದಕ್ಕೇ ಆ ಕಾಲದ ಕಾನೂನು ಭಾಷಣಗಳು ಕೃಷಿರಂಗದ ಕಾಯಿಕೊರಕದ ಹುಳಕ್ಕಿಂತ ಸಾಧುವಾಗಿದ್ದವು.

ಆದರೆ ಒಂದು ಗುಣ ಇತ್ತು. ಸ್ಟುಡಿಯೋದಲ್ಲಿ ಗೋಡೆ ಗಡಿಯಾರ ಇತ್ತು, ಕೆಂಪು ದೀಪ ಇತ್ತು. ಹದಿನೈದು ನಿಮಿಷ ಎಂದರೆ ಹದಿನೈದು ನಿಮಿಷ. "ಮೈ ಲಾರ್ಡ್, ತಯಾರಿಗೆ ಸಮಯ ಬೇಕು" ಎಂದರೆ ಗಾಜಿನ ಆಚೆ ಕೂತವನು ಕೇಳುವುದಿಲ್ಲ, ಅವನಿಗೆ ವಾರ್ತೆ ಹಚ್ಚಬೇಕು. ವಕೀಲಿಕೆಯ ಜೀವಾಳವೇ ಕಾಲಾವಕಾಶ ಕೇಳುವುದು. ದಿವಾಣಿ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ, ವಿಚಾರಣೆ ನಡೆದಾಗ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬೇಡಿ ಎನ್ನುತ್ತದೆ. ಇದನ್ನು ಏಕಸಂಬಿಯ ಕಟ್ಟೆಯ ಮೇಲೆ ಓದಿ ಹೇಳಿದರೆ ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾರೆ. ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಮಿಕ್ಕಿದ ಪ್ರಕರಣ ಕೊಳೆಯುತ್ತಿವೆ. ಚಿಕ್ಕೋಡಿಗೆ ಹೋಗಿ ಬಂದವನನ್ನು "ಏನಾತೋ?" ಎಂದು ಕೇಳಿದರೆ "ತಾರೀಖ್ ಬಿತ್ತು" ಎನ್ನುತ್ತಾನೆ, ಮಳೆ ಬಿತ್ತು ಎಂದಷ್ಟು ಸಹಜವಾಗಿ. ಆಕಾಶವಾಣಿ ಕೋರ್ಟಿನ ಹಾಗೆ ನಡೆದಿದ್ದರೆ 1950ರ ಜನವರಿ 8ರ ಸಂಜೆಯ ಹಾಡು ಇನ್ನೂ ಬಾಕಿ ಇರುತ್ತಿತ್ತು. ಗಾಯಕರ ಮೊಮ್ಮಗ ಬಂದು ವಾರಸಾ ಅರ್ಜಿ ಹಾಕಿ ಮುಂದಿನ ಚರಣ ಹಾಡುತ್ತಿದ್ದ.

ಕಾನೂನು ಓದಿ ಬಾನುಲಿಗೆ ಬಂದವರಲ್ಲಿ ಕನ್ನಡಿಗರು ಪ್ರೀತಿಯಿಂದ ನೆನೆಯಬಹುದಾದ ಹೆಸರು ನಾ. ಕಸ್ತೂರಿಯವರದು. ಹುಟ್ಟಿದ್ದು 1897ರ ಡಿಸೆಂಬರಿನಲ್ಲಿ, ಕೇರಳದ ತ್ರಿಪುಣಿತ್ತುರದಲ್ಲಿ. ಎಂ.ಎ.ಯ ಜೊತೆ ಕಾನೂನು ಪದವಿಯನ್ನೂ ಪಡೆದು, ವಕೀಲಿಕೆಗೆ ಇಳಿಯದೆ ಮೈಸೂರಿಗೆ ಬಂದು ಮೇಷ್ಟರಾದರು. ಮನೆಮಾತು ಮಲಯಾಳ, ಓದಿಸಿದ್ದು ಇತಿಹಾಸ, ನಗಿಸಿದ್ದು ಕನ್ನಡದಲ್ಲಿ. ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ 'ಕೊರವಂಜಿ'ಗೆ ಬರೆದರು, 'ಅನರ್ಥಕೋಶ' ಬರೆದು ಕನ್ನಡದ ಪದಗಳಿಗೆಲ್ಲ ಇಲ್ಲದ ತರಲೆ ಕಲಿಸಿದರು. ವಿಶ್ವವಿದ್ಯಾಲಯದ ನೌಕರಿ ಮುಗಿದಮೇಲೆ ಬೆಂಗಳೂರು ಆಕಾಶವಾಣಿ ಸೇರಿದರು. ಕೇರಳದಿಂದ ಬಂದವನು ಕನ್ನಡದಲ್ಲಿ ಹೇಗೆ ಬರೆದ ಎಂದು ಯಾವ ಆಯೋಗವೂ ತನಿಖೆ ಮಾಡಲಿಲ್ಲ. ಗಡಿಯಲ್ಲಿ ಕೂತವರಿಗೆ ಇದೊಂದು ಹೊಟ್ಟೆಕಿಚ್ಚಿನ ಸಂಗತಿ.

ಅವರ ಪಾಲಿಗೆ ಒಂದು ಬಂಗಾರದಂಥ ದಾವೆಯೂ ಇತ್ತು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿ ಅದನ್ನು ಆಕಾಶವಾಣಿ ಎಂದು ಕರೆದರಲ್ಲ, ಆ ಹೆಸರು ಕೊಟ್ಟವರು ಕಸ್ತೂರಿ ಎಂದು ಒಂದು ಪಕ್ಷ, ಗೋಪಾಲಸ್ವಾಮಿಯವರೇ ಎಂದು ಇನ್ನೊಂದು ಪಕ್ಷ, ಠಾಕೂರರು ಎಂದು ಬಂಗಾಳದ ಪಕ್ಷ. ದೇಶದ ಅತಿ ದೊಡ್ಡ ಪ್ರಸಾರ ಸಂಸ್ಥೆಯ ಹೆಸರಿನ ಹಕ್ಕು! ನಮ್ಮ ಕಡೆಯವರಾಗಿದ್ದರೆ ಚಿಕ್ಕೋಡಿಯಿಂದ ಹಿಡಿದು ದಿಲ್ಲಿಯವರೆಗೆ ಐದು ಮೇಲ್ಮನವಿ, ಮಧ್ಯಂತರ ತಡೆಯಾಜ್ಞೆ, ಪ್ರತಿ ವಾರ್ತೆಯ ಮೊದಲು ಒಂದೊಂದು ರಾಯಧನ. ಕಾನೂನು ಪದವಿ ಜೇಬಿನಲ್ಲಿದ್ದ ಮನುಷ್ಯ ದಾವೆ ಹಾಕಲಿಲ್ಲ. ಆ ಪದವಿಯನ್ನು ಅವರು ಅತ್ಯಂತ ಸದುಪಯೋಗ ಮಾಡಿಕೊಂಡದ್ದು ಬಹುಶಃ ಹೀಗೆಯೇ, ಉಪಯೋಗಿಸದೆ. ಆಮೇಲೆ ಪುಟ್ಟಪರ್ತಿಗೆ ಹೋಗಿ ಸತ್ಯಸಾಯಿಬಾಬಾ ಅವರ ಜೀವನಚರಿತ್ರೆ ಬರೆದರು. ಎಲ್ಲವನ್ನೂ ಗೇಲಿ ಮಾಡಿದ ಮನುಷ್ಯ ಕೊನೆಗೆ ಭಕ್ತನಾದ. ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ, ನನಗೆ ವಕಾಲತ್ತು ಇಲ್ಲ.

ಕಲಿತ ಕಾನೂನನ್ನು ಬಿಟ್ಟವರು ಮೈಕಿಗೆ ಒಗ್ಗುತ್ತಾರೆ, ಹಿಡಿದುಕೊಂಡವರು ಒಗ್ಗುವುದಿಲ್ಲ ಎಂಬುದು ನನ್ನ ವಾದ. ಇದಕ್ಕೆ ದೊಡ್ಡ ಸಾಕ್ಷಿ ಗಾಂಧಿ. ಬ್ಯಾರಿಸ್ಟರು. ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಬಾಯಿ ಕಟ್ಟಿ, ಫೀಸು ವಾಪಸು ಕೊಟ್ಟು ಬಂದವರು. ಫೀಸು ವಾಪಸು! ಇದನ್ನು ಇಂದಿನ ವಕೀಲರು ಅವರ ಸತ್ಯದ ಪ್ರಯೋಗಗಳಲ್ಲೇ ಅತಿ ಅಪಾಯಕಾರಿಯಾದದ್ದು ಎಂದು ಪರಿಗಣಿಸುತ್ತಾರೆ. ಅದೇ ಮನುಷ್ಯ 1947ರ ನವೆಂಬರ್ 12ರಂದು, ದೀಪಾವಳಿಯ ದಿನ, ದಿಲ್ಲಿಯ ಆಕಾಶವಾಣಿಯ ಸ್ಟುಡಿಯೋಗೆ ಹೋಗಿ ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರಿಗೆ ನಾಲ್ಕು ಮಾತು ಹೇಳಿದರು. ಜೀವಮಾನದಲ್ಲಿ ಸ್ಟುಡಿಯೋ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಆ ದಿನವನ್ನು ಈಗ ಸಾರ್ವಜನಿಕ ಸೇವಾ ಪ್ರಸಾರ ದಿನ ಎನ್ನುತ್ತಾರೆ. ಒಂದೇ ಎಪಿಸೋಡು, ನಂಬರು ಕೊಡಲಿಲ್ಲ, ಹಾಡು ಹಚ್ಚಲಿಲ್ಲ.

ಅದೇ ವರ್ಷದ ಜೂನ್ 3ರಂದು ಕಥೆ ಬೇರೆ ಇತ್ತು. ದೇಶ ಒಡೆಯುವ ಯೋಜನೆಯನ್ನು ರೇಡಿಯೋದಲ್ಲಿ ಜನರಿಗೆ ತಿಳಿಸಿದವರು ನಾಲ್ವರು: ಮೌಂಟ್‌ಬ್ಯಾಟನ್, ನೆಹರೂ, ಜಿನ್ನಾ, ಬಲದೇವ್ ಸಿಂಗ್. ನಾಲ್ವರಲ್ಲಿ ಇಬ್ಬರು ಬ್ಯಾರಿಸ್ಟರು. ಆಗಿನ ಪ್ರಸಾರ ಖಾತೆಯ ಮಂತ್ರಿ ವಲ್ಲಭಭಾಯಿ ಪಟೇಲರೂ ಬ್ಯಾರಿಸ್ಟರು. ಹಿಸ್ಸೆಯ ದಾವೆಗೆ ವಕೀಲರು ಬೇಕೇ ಬೇಕಲ್ಲ!

ಇಂಗ್ಲೆಂಡಿನಲ್ಲಿ ನಾರ್ಮನ್ ಬರ್ಕೆಟ್ ಎಂಬ ದೊಡ್ಡ ವಕೀಲರಿದ್ದರು. ಯುದ್ಧಕಾಲದಲ್ಲಿ ಬರ್ಲಿನ್ ರೇಡಿಯೋದಿಂದ ಲಾರ್ಡ್ ಹಾಹಾ ಎಂಬ ಅಡ್ಡಹೆಸರಿನವನು ಇಂಗ್ಲಿಷಿನಲ್ಲೇ ಇಂಗ್ಲಿಷರ ಧೈರ್ಯಗೆಡಿಸುತ್ತಿದ್ದಾಗ, 1940ರಲ್ಲಿ ಬಿಬಿಸಿಯಿಂದ ಅವನಿಗೆ ಉತ್ತರ ಕೊಡಲು ಬರ್ಕೆಟ್ ಕೂತರು. ಲಂಡನ್ನಿನ ಕೋರ್ಟುಗಳಲ್ಲಿ ಜನ ಕಾದು ಕೇಳುತ್ತಿದ್ದ ದನಿ. ಆದರೆ ಹೆಸರು ಹೇಳದೆ ಮಾತಾಡಿದರು. ಹೆಸರು ಹೇಳದೆ ರೇಡಿಯೋದಲ್ಲಿ ಮಾತಾಡುವ ವಕೀಲ! ನಮ್ಮ ತಳಿಗೆ ಈ ಸಂಗತಿಯನ್ನು ಹೇಳಿದರೆ ಅವರಿಗೆ ಅರ್ಥವಾಗುವುದು ಒಂದೇ: "ಮೈಕ್ ಕೆಟ್ಟಿತ್ತೇನು?"

ಇರಲಿ, ಬೆಳಗಿನ ಎಂಟು ಗಂಟೆಯಿಂದ ಹನ್ನೊಂದರವರೆಗೆ ನಮ್ಮ ಸಾಹೇಬರ ಹಿಂದೆಯೇ ಒಮ್ಮೆ ನಡೆದು ಬರೋಣ.

ಎಂಟಕ್ಕೆ ಮೈಕಿನಲ್ಲಿ ವಿಷಯ: ಹೆಣ್ಣುಮಕ್ಕಳ ಆಸ್ತಿ ಹಕ್ಕು. ದನಿಯಲ್ಲಿ ಜೇನು. "ತಾಯಂದಿರೇ, ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮಗಳೂ ಮಗನಷ್ಟೇ ಪಾಲುದಾರಳು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ವಿನೀತಾ ಶರ್ಮಾ ಪ್ರಕರಣದಲ್ಲಿ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಎಂದು ಸಾರಿತು." ಒಂದಕ್ಷರ ತಪ್ಪಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈ ಒಂದು ಕ್ಷಣ ನಿಲ್ಲುತ್ತದೆ.

ಹತ್ತೂವರೆಗೆ ಅದೇ ಸಾಹೇಬರು ಕಚೇರಿಯಲ್ಲಿ. ಎದುರಿಗೆ ಅಣ್ಣತಮ್ಮಂದಿರು, ಟೇಬಲ್ಲಿನ ಮೇಲೆ ಹಕ್ಕು ಬಿಟ್ಟ ಪತ್ರದ ಕರಡು. "ತಂಗಿಗೆ ಪಂಚಮಿಗೆ ಕರಕೊಂಡು ಬರ್ರಿ. ಛಲೋ ಸೀರಿ ತರ್ರಿ, ಇಳಕಲ್‌ದ್ದು. ಅರಿಷಿಣ ಕುಂಕುಮ ಆದಮ್ಯಾಲೆ ಸಹಿ ತಗೊಳ್ರಿ. ಊಟಕ್ಕಿಂತ ಮೊದಲ ಬ್ಯಾಡ, ಊಟ ಆದಮ್ಯಾಲೆ." ಕಾನೂನಿನ ಸಲಹೆ ಎಷ್ಟು ಸೂಕ್ಷ್ಮ ನೋಡಿ, ಹೋಳಿಗೆ ಯಾವಾಗ ಬಡಿಸಬೇಕು ಎಂಬುದೂ ಅದರಲ್ಲಿದೆ. ಎರಡೆಕರೆ ಬಾವಿನೀರಿನ ಹೊಲ, ಒಂದು ಸೀರೆ. ಪಕ್ಷಗಾರರು ಎದ್ದುಹೋಗುವಾಗ ಕಿರಿಯವನು ನಾಲಿಗೆ ಕಚ್ಚಿ ಕೇಳುತ್ತಾನೆ: "ಮುಂಜಾನೆ ರೇಡಿಯೋದಾಗ ಬ್ಯಾರೆ ಹೇಳಿದ್ರೆಲ್ರೀ ಸಾಹೇಬ್ರ?" ಉತ್ತರ ಸಿದ್ಧ: "ಅದು ಜನಜಾಗೃತಿ. ಇದು ಪ್ರ್ಯಾಕ್ಟೀಸು."

ಮರುದಿನದ ವಿಷಯ ಕಬ್ಬು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ಇದೂ ಅಕ್ಷರಶಃ ಸತ್ಯ. ಎತ್ತಿನಗಾಡಿ ಕಾಲದಿಂದ ಟ್ರ್ಯಾಕ್ಟರು ಕಾಲದವರೆಗೆ ಕಬ್ಬು ಸಾಗಿಸಿದ ರೈತನಿಗೆ ಅಂಥ ಬಡ್ಡಿಯ ಚೆಕ್ಕು ಹೇಗಿರುತ್ತದೆ, ಅದರ ಬಣ್ಣ ಯಾವುದು ಎಂದು ಕೇಳಿ ನೋಡಿ. ರೇಡಿಯೋದಲ್ಲಿ ಕೇಳಿದ್ದೇನೆ ಎನ್ನುತ್ತಾನೆ.

ರೇಡಿಯೋ ಎಂದಾಗ ನಮ್ಮ ಭಾಗದ ಇನ್ನೊಂದು ತಾಪತ್ರಯ ಹೇಳಬೇಕು. ಮಧ್ಯಮ ತರಂಗದ ಸೆಟ್ಟಿನೊಳಗೆ ಫೆರೈಟ್ ಕಡ್ಡಿಯ ಆಂಟೆನಾ ಇರುತ್ತದೆ. ಸೆಟ್ಟನ್ನು ತಿರುಗಿಸಿದರೆ ಒಂದು ಕೇಂದ್ರ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಧಾರವಾಡ 765 ಕಿಲೋಹರ್ಟ್ಸ್, ಸಾಂಗಲಿ 1251. ಸಾಂಗಲಿ ಕೇಂದ್ರ 1963ರಲ್ಲಿ ಬಂತು, ಧಾರವಾಡಕ್ಕಿಂತ ನಮಗೆ ಹತ್ತಿರ. ಹೀಗಾಗಿ ಏಕಸಂಬಿ, ಸದಲಗಾ, ನಿಪ್ಪಾಣಿಯ ಮನೆಗಳಲ್ಲಿ ಮುಂಜಾನೆ ಮರಾಠಿ ಅಭಂಗ, ಮುಳ್ಳು ಸರಿಸಿ ಸೆಟ್ಟನ್ನು ಕೊಂಚ ತಿರುಗಿಸಿದರೆ ಕನ್ನಡದ ವಾರ್ತೆ. ಅಜ್ಜಿಯಂದಿರು ಇದನ್ನು ಅಡುಗೆ ಮಾಡುತ್ತಲೇ ನಿಭಾಯಿಸುತ್ತಿದ್ದರು. ರಾಜ್ಯಗಳಿಗೆ ಮಾತ್ರ ನಿಭಾಯಿಸಲಾಗಲಿಲ್ಲ. 1966ರಲ್ಲಿ ಕರ್ನಾಟಕ-ಮಹಾರಾಷ್ಟ್ರದ ಗಡಿ ಜಗಳ ಬಗೆಹರಿಸಲು ಮೆಹರ್‌ಚಂದ್ ಮಹಾಜನರ ಆಯೋಗ ಬಂತು. ಅವರೂ ಮೂಲತಃ ಲಾಹೋರಿನ ವಕೀಲರು, ಆಮೇಲೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. 1967ರಲ್ಲಿ ವರದಿ ಕೊಟ್ಟರು. ಆಯೋಗ ಬೇಕೆಂದು ಹಟ ಹಿಡಿದ ಮಹಾರಾಷ್ಟ್ರ ವರದಿ ಬೇಡವೆಂದಿತು. 2004ರಲ್ಲಿ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ದಾವೆ ಹೋಯಿತು. ಅದಕ್ಕೂ ತಾರೀಖು ಬೀಳುತ್ತಿದೆ. ಬಾಂಧಿನ ಮೇಲೆ ಬಡಿದಾಡುವ ದೊಡ್ಡಪ್ಪನಿಗೆ ಇದರಿಂದ ಒಂದು ಸಮಾಧಾನ: ಎರಡು ಸರ್ಕಾರಗಳಿಗೂ ತನ್ನ ಕಾಯಿಲೆಯೇ.

ಏಕಸಂಬಿಯದೇ ಹಳೆಯ ದಾಖಲೆ ಒಂದಿದೆ, ಕಲ್ಲಿನ ಮೇಲೆ. 1165ರ ಶಾಸನ. ಕೊಲ್ಲಾಪುರದ ಕಡೆಯ ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಳಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ಸವದತ್ತಿಯ ಕಡೆಯ ರಟ್ಟರ ಕಾರ್ತವೀರ್ಯ ಬಂದು ನೋಡಿ ಮೆಚ್ಚಿ, ಯಾಪನೀಯ ಸಂಘದ ವಿಜಯಕೀರ್ತಿಗೆ ದಾನ ಕೊಟ್ಟ. ಆಚೆಯವನು ಕಟ್ಟಿದ, ಈಚೆಯವನು ಕೊಟ್ಟ, ಆಯೋಗ ಕೂರಲಿಲ್ಲ. ಬಸದಿ ಯಾವ ರಾಜ್ಯದ್ದು ಎಂದು ಯಾರಾದರೂ ಕಾರ್ತವೀರ್ಯನ ಕಿವಿಯಲ್ಲಿ ಊದಿದ್ದರೆ ದಾನ ಇಂದಿಗೂ ತಡೆಯಾಜ್ಞೆಯಲ್ಲಿರುತ್ತಿತ್ತು. ಆ ಕಾಲದ ಕರಡು ಬರೆದವರು ಎಂಥ ವಕೀಲರೋ! ದಾನ ಮುರಿದವನಿಗೆ ಅವರು ಬರೆಯುತ್ತಿದ್ದ ಶಿಕ್ಷೆ ನೇರ ನರಕ, ಜಾಮೀನಿಲ್ಲ, ಮೇಲ್ಮನವಿಯಿಲ್ಲ.

ಈಗ ಕೋರ್ಟೇ ಬಾನುಲಿಯಾಗಿದೆ ಎಂಬುದು ಈ ಪ್ರಹಸನದ ಹೊಸ ಅಂಕ. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಪೀಠದಿಂದ ಬಂದ ಮಾತುಗಳ ತುಣುಕು ಊರೂರು ಸುತ್ತಿ, ಸುಪ್ರೀಂ ಕೋರ್ಟು ತಾನಾಗಿ ಕೈಹಾಕಿ, ಕೊನೆಗೆ ಹೈಕೋರ್ಟು ಆ ತುಣುಕುಗಳನ್ನು ಕತ್ತರಿಸಿ ಹಂಚಬಾರದೆಂದು ತಡೆಯಬೇಕಾಯಿತು. ಬೆಂಗಳೂರಿನ ವಕೀಲರ ಸಂಘ ನೇರಪ್ರಸಾರವನ್ನೇ ನಿಲ್ಲಿಸಿ ಎಂದು ಕೇಳಿತು. ನನಗೆ ಪ್ರಸಾರ ಬೇಕು. ಕಕ್ಷಿದಾರ ತನ್ನ ವಕೀಲ ಕೋರ್ಟಿನಲ್ಲಿ ಎಷ್ಟು ಮಾತಾಡುತ್ತಾನೆ, ರೇಡಿಯೋದಲ್ಲಿ ಎಷ್ಟು ಮಾತಾಡುತ್ತಾನೆ ಎಂದು ಹೋಲಿಸಿ ನೋಡಲು ಅದೊಂದೇ ದಾರಿ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ವಕೀಲ ಸಿಎಸ್‌ಪಿಯನ್ನು ನೋಡಿ ಬೆಳೆದ ಜನ ನಿಜವಾದ ಕೋರ್ಟಿನ ಕಲಾಪ ನೋಡಿದಾಗ ಪಡುವ ನಿರಾಶೆ ಮಾತ್ರ ಹೇಳತೀರದು. ಅಲ್ಲಿ ಪಾಟೀಸವಾಲಿಗೆ ಸಾಕ್ಷಿ ಬೆವರುತ್ತಿದ್ದ. ಇಲ್ಲಿ ಎರಡೂ ಕಡೆಯವರು ಒಟ್ಟಿಗೇ ತಾರೀಖು ಕೇಳುತ್ತಾರೆ. ಇಡೀ ವ್ಯಾಜ್ಯದಲ್ಲಿ ಅವರು ಒಮ್ಮತಕ್ಕೆ ಬರುವ ವಿಷಯ ಅದೊಂದೇ.

ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲೇ ಹೇಳಿತು. ಅದು ಕ್ರಿಕೆಟ್ ಪ್ರಸಾರದ ಜಗಳದಲ್ಲಿ ಹುಟ್ಟಿದ ತೀರ್ಪು. ಸಾರ್ವಜನಿಕರ ಸೊತ್ತನ್ನು ವಕೀಲರು ಅತಿಕ್ರಮಣ ಮಾಡಿದರೆ ತೆರವು ಮಾಡಿಸುವ ದಾವೆ ಹಾಕಬೇಕಾದವರೂ ವಕೀಲರೇ. ಅಲ್ಲಿಗೆ ಮುಗಿಯಿತು.

ಆದ್ದರಿಂದ ರೊಟ್ಟಿ ಬಡಿಯುತ್ತಾ ಎಂಟು ಗಂಟೆಯ ಕಾರ್ಯಕ್ರಮ ಕೇಳಿದ ತಾಯಿಗೆ ಒಂದು ಮಾತು. ಸಾಹೇಬರು ಹೇಳಿದ ಹಕ್ಕು ನಿಜ, ಅವರು ಕೊಟ್ಟ ನಂಬರು ಬಿಡು. ಪಂಚಮಿಗೆ ತವರಿಗೆ ಹೋಗು, ಹೋಳಿಗೆ ಉಣ್ಣು, ಸೀರೆ ಉಡು, ಸಹಿ ಮಾತ್ರ ಮಾಡಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ತಾಲೂಕು ಕಾನೂನು ಸೇವಾ ಸಮಿತಿ ಚಿಕ್ಕೋಡಿಯ ಕೋರ್ಟಿನಲ್ಲೇ ಸಿಗುತ್ತದೆ. ಅಲ್ಲಿಗೆ ಹೋಗಲಾಗದಿದ್ದರೆ ಫೋನು 15100. ಹಾಡು ಹಾಕುವುದಿಲ್ಲ.